ಬಿದ್ದ ಕೊಂಬೆ: ಉದ್ಯಾನದ ಸಹಜ ಶಿಲ್ಪ

ಭರಣಿ, ಕೃತ್ತಿಕೆ ಮಳೆಗಳ ಮುನ್ನ ಬೀಸುವ ಬಿರುಗಾಳಿಯು ಪ್ರತಿವರ್ಷವೂ ಶಾಲೆಗಳ ಅಂಗಳದಲ್ಲಿ ಒಂದಷ್ಟು ಕೊಂಬೆಗಳನ್ನು ಕೆಡವಿ ಹೋಗುತ್ತದೆ. ಮಳೆಮರದ ಅಗಲವಾದ ಟೊಂಗೆ, ಹುಣಸೆಯ ಗಂಟುಗಂಟಾದ ರೆಂಬೆ, ಬೇವಿನ ಒಣಗಿದ ಕವಲು, ಇವೆಲ್ಲ ಬೆಳಗಾಗುವಷ್ಟರಲ್ಲಿ ನೆಲದ ಮೇಲೆ ಬಿದ್ದಿರುತ್ತವೆ. ರೂಢಿಯಂತೆ ಇವುಗಳಿಗೆ ಮೂರೇ ಗತಿ: ಒಲೆಯ ಉರಿ, ಸೌದೆ ವ್ಯಾಪಾರಿಯ ತಕ್ಕಡಿ, ಇಲ್ಲವೇ ಕಸದ ರಾಶಿಯೊಡನೆ ಬೆಂಕಿ. ಇವುಗಳಲ್ಲಿ ಕೆಲವಕ್ಕೆ ನಾಲ್ಕನೆಯ ಗತಿಯೊಂದುಂಟು. ಉದ್ಯಾನದ ತಕ್ಕ ಎಡೆಯಲ್ಲಿ ನೆಲೆನಿಂತು ನೋಡುವವರ ಕಣ್ಣನ್ನು ತಡೆದು ನಿಲ್ಲಿಸುವ ಸಹಜ ಶಿಲ್ಪವಾಗುವುದೇ ಆ ಗತಿ.

ಸಹಜ ಶಿಲ್ಪವೆಂದರೆ ಉಳಿ ಸುತ್ತಿಗೆಗಳಿಂದ ರೂಪ ಪಡೆಯದ ಶಿಲ್ಪ. ಇಲ್ಲಿ ಆಕಾರವನ್ನು ಕೊಟ್ಟಿದ್ದು ಮರ, ಗಾಳಿ, ಬಿಸಿಲು, ಬಳ್ಳಿ, ಕೀಟಗಳು. ಮನುಷ್ಯನಿಗೆ ಉಳಿಯುವ ಕೆಲಸ ಮೂರು: ಆರಿಸುವುದು, ತಿರುಗಿಸಿ ನೋಡುವುದು, ನಿಲ್ಲಿಸುವುದು. ಕೆಲಸ ಕಡಮೆಯೆಂದು ತೋರಿದರೂ ಇದು ಸುಲಭವಲ್ಲ. ಕೆತ್ತುವವನು ತನ್ನ ಮನಸ್ಸಿನ ಚಿತ್ರವನ್ನು ಮರದ ಮೇಲೆ ಹೇರುತ್ತಾನೆ. ಇಲ್ಲಿ ಮರದಲ್ಲಿರುವುದನ್ನು ಮನಸ್ಸು ಕಂಡುಕೊಳ್ಳಬೇಕು. ಕೈ ಚುರುಕಾಗುವುದಕ್ಕೆ ಮೊದಲು ಕಣ್ಣು ಚುರುಕಾಗಬೇಕಾದ ಈ ಕಲೆಯು ಶಾಲೆಯ ಮಕ್ಕಳಿಗೆ ಒಪ್ಪುವಂಥದು. ವೆಚ್ಚವೂ ಅತ್ಯಲ್ಪ.

ಆಕಾರ ಮೂಡುವ ಬಗೆ

ಕೊಂಬೆಯ ಡೊಂಕು ಕೇವಲ ಆಕಸ್ಮಿಕವಲ್ಲ. ಅದು ಮರದ ಬದುಕಿನ ದಾಖಲೆ. ಅಡ್ಡಲಾಗಿ ಚಾಚಿದ ಕೊಂಬೆಯು ತನ್ನ ಭಾರಕ್ಕೆ ತಾನೇ ಜಗ್ಗದಂತೆ ಒಂದು ಬಗೆಯ ವಿಶೇಷ ಮರವನ್ನು ಬೆಳೆಸಿಕೊಳ್ಳುತ್ತದೆ. ಮಾವು, ಬೇವು, ಹುಣಸೆಯಂತಹ ಅಗಲೆಲೆಯ ಜಾತಿಗಳಲ್ಲಿ ಈ ಮರವು ಸಾಮಾನ್ಯವಾಗಿ ಕೊಂಬೆಯ ಮೇಲ್ಭಾಗದಲ್ಲಿ ಬೆಳೆದು, ಹಗ್ಗದಂತೆ ಮೇಲಕ್ಕೆ ಎಳೆಯುತ್ತದೆ. ದೇವದಾರು, ಪೈನ್ ಮೊದಲಾದ ಸೂಚಿಪರ್ಣಿಗಳಲ್ಲಿ ಅದು ಕೆಳಭಾಗದಲ್ಲಿ ಬೆಳೆದು, ಊರುಗೋಲಿನಂತೆ ಕೆಳಗಿನಿಂದ ಒತ್ತಿ ಹಿಡಿಯುತ್ತದೆ. ಬೆಳಕನ್ನು ಅರಸಿ ಪಕ್ಕಕ್ಕೆ ಹೊರಳಿದ ಕೊಂಬೆ ಮತ್ತೆ ಮೇಲಕ್ಕೇರುವಾಗ ಮೂಡುವ ಬಾಗು ಆನೆಯ ಸೊಂಡಿಲನ್ನೋ ಹಂಸದ ಕೊರಳನ್ನೋ ನೆನಪಿಗೆ ತರುವುದು ಇದರಿಂದಲೇ.

ಗಾಯಗಳೂ ಶಿಲ್ಪಿಗಳೇ. ರೆಂಬೆ ಮುರಿದ ಜಾಗದ ಸುತ್ತ ಮರವು ಹೊಸ ಅಂಗಾಂಶವನ್ನು ಬೆಳೆಸಿ ಗಾಯವನ್ನು ಮುಚ್ಚಲು ಹವಣಿಸುತ್ತದೆ. ಪೂರ್ತಿ ಮುಚ್ಚಿದರೆ ಗಂಟು. ಅರ್ಧ ಮುಚ್ಚಿದರೆ ಕಣ್ಣಿನಂತಹ ಅಥವಾ ಬಾಯಿಯಂತಹ ಪೊಟರೆ. ಗಟ್ಟಿ ಬಳ್ಳಿಯು ಎಳೆಯ ಕೊಂಬೆಯನ್ನು ಸುತ್ತಿ ಹಲವು ವರ್ಷ ಬಿಗಿದರೆ, ಬಳ್ಳಿ ಸತ್ತ ಬಳಿಕವೂ ತಿರುಚಿದ ಕಾಲುವೆಯೊಂದು ಕೊಂಬೆಯ ಮೇಲೆ ಉಳಿಯುತ್ತದೆ. ತೊಗಟೆಯ ಅಡಿಯಲ್ಲಿ ಕೊರೆಹುಳುಗಳು ಹರಿದಾಡಿದ ಜಾಡು, ತೊಗಟೆ ಕಳಚಿದಾಗ ಚಿತ್ತಾರದಂತೆ ಕಾಣುತ್ತದೆ.

ಇವೆಲ್ಲಕ್ಕಿಂತ ವಿಸ್ಮಯಕರವಾದುದು ಬಂದಳಿಕೆಯ ಕೆಲಸ. ಮಾವು, ಹೊಂಗೆ ಮೊದಲಾದ ಮರಗಳ ಮೇಲೆ ಬೆಳೆಯುವ ಈ ಪರಾವಲಂಬಿ ಸಸ್ಯವು ಆಶ್ರಯ ಕೊಟ್ಟ ಕೊಂಬೆಯೊಳಕ್ಕೆ ಹೀರುಬೇರನ್ನು ಇಳಿಸುತ್ತದೆ. ಕೊಂಬೆಯು ಆ ಜಾಗದಲ್ಲಿ ಉಬ್ಬಿ, ಬಂದಳಿಕೆಯ ಬುಡದ ಸುತ್ತ ಮಡಿಕೆಮಡಿಕೆಯಾಗಿ ಬೆಳೆಯುತ್ತದೆ. ಬಂದಳಿಕೆ ಸತ್ತು ಅದರ ಭಾಗ ಕೊಳೆತು ಹೋದ ಮೇಲೆ ಉಳಿಯುವುದು ಅರಳಿದ ಹೂವಿನಂತಹ ಮರದ ಆಕೃತಿ. ಮರವನ್ನು ಸೊರಗಿಸಿದ ಸಸ್ಯವೇ ಅದರ ಕೊಂಬೆಯಲ್ಲಿ ಹೂವಿನ ರೂಪವನ್ನು ಬಿಟ್ಟುಹೋಗುವುದು ಸಸ್ಯಶಾಸ್ತ್ರದ ಪಾಠಕ್ಕೆ ಇದಕ್ಕಿಂತ ಉತ್ತಮವಾದ ಮಾದರಿಯನ್ನು ಬೇಡುವುದಿಲ್ಲ.

ಎರಡು ನಿದರ್ಶನಗಳು

ಒಣಮರವನ್ನು ಉದ್ಯಾನದಲ್ಲಿ ಮೆರೆಸಿದ ಪ್ರಸಿದ್ಧ ಪ್ರಯತ್ನವೊಂದು ಇಂಗ್ಲೆಂಡಿನ ಸ್ಟಾಫರ್ಡ್‌ಷೈರ್ ಪ್ರಾಂತ್ಯದ ಬಿಡಲ್ಫ್ ಗ್ರೇಂಜ್ ಎಂಬಲ್ಲಿ ನಡೆಯಿತು. ಸೀತಾಳೆ ಜಾತಿಯ ಸಸ್ಯಗಳಲ್ಲಿ ವಿದ್ವಾಂಸನಾಗಿದ್ದ ಜೇಮ್ಸ್ ಬೇಟ್‌ಮನ್ ಅಲ್ಲಿಯ ಉದ್ಯಾನದ ಒಡೆಯ. ಅವನ ಗೆಳೆಯನೂ ಕಡಲ ದೃಶ್ಯಗಳ ಚಿತ್ರಕಾರನೂ ಆದ ಎಡ್ವರ್ಡ್ ವಿಲಿಯಂ ಕುಕ್ ೧೮೫೬ರ ಸುಮಾರಿಗೆ, ಕಿತ್ತುಬಿದ್ದ ಮರಗಳ ಬುಡಗಳನ್ನು ತಲೆಕೆಳಗಾಗಿ ನಿಲ್ಲಿಸಿ, ಬೇರುಗಳು ಆಕಾಶಕ್ಕೆ ಚಾಚುವಂತೆ ದಾರಿಯ ಇಕ್ಕೆಲಗಳಲ್ಲಿ ಜೋಡಿಸಿದನು. ಆ ಬೇರುಗಳ ಸಂದುಗಳಲ್ಲಿ ಜರೀಗಿಡಗಳನ್ನು ನೆಡಲಾಯಿತು. ಆ ಕಾಲದ ಇಂಗ್ಲೆಂಡಿನಲ್ಲಿ ಜರೀಗಿಡಗಳನ್ನು ಬೆಳೆಸುವ ಹುಚ್ಚು ಹಬ್ಬಿತ್ತು. ಕೊಳೆಯುವ ಮರದ ತೇವವೂ ನೆರಳೂ ಅವಕ್ಕೆ ಹಿತವಾದವು. ಈ ಉದ್ಯಾನವನ್ನು ೧೯೮೮ರಲ್ಲಿ ನ್ಯಾಷನಲ್ ಟ್ರಸ್ಟ್ ಸಂಸ್ಥೆಯು ತನ್ನ ವಶಕ್ಕೆ ಪಡೆದು ಜೀರ್ಣೋದ್ಧಾರ ಮಾಡಿತು. ಬಿಡಲ್ಫ್ ಕಲಿಸುವ ಪಾಠ ಸರಳ: ಒಣಮರವೂ ಹಸಿರುಗಿಡವೂ ಒಂದನ್ನೊಂದು ಬೆಳಗಿಸುತ್ತವೆ.

ಎರಡನೆಯ ನಿದರ್ಶನ ಭಾರತದ್ದು. ಉದ್ಯಾನದ್ದಲ್ಲವಾದರೂ ದೃಷ್ಟಿಯ ವಿಚಾರದಲ್ಲಿ ಹೆಚ್ಚು ಬೆಲೆಯುಳ್ಳದ್ದು. ಬಂಗಾಳಿ ಚಿತ್ರಕಲಾ ಪಂಥದ ಆಚಾರ್ಯರಾದ ಅವನೀಂದ್ರನಾಥ ಠಾಕೂರರು (೧೮೭೧-೧೯೫೧) ಜೀವನದ ಕೊನೆಯ ದಶಕಗಳಲ್ಲಿ ಒಣ ರೆಂಬೆ, ಬೇರು, ಮರದ ಚೂರುಗಳನ್ನು ಆಯ್ದು ತಂದು, ಅವುಗಳಲ್ಲಿ ಅಡಗಿದ ಹಕ್ಕಿ, ಮೃಗ, ಮನುಷ್ಯರ ರೂಪಗಳನ್ನು ಹೊರತರುವುದರಲ್ಲಿ ಮಗ್ನರಾದರು. ೧೯೦೫ರಲ್ಲಿ 'ಭಾರತಮಾತಾ' ಚಿತ್ರವನ್ನು ರಚಿಸಿ ದೇಶದ ಗಮನ ಸೆಳೆದಿದ್ದ ಕಲಾವಿದರು ಇಳಿವಯಸ್ಸಿನಲ್ಲಿ ಮಕ್ಕಳಂತೆ ಕಡ್ಡಿ ಆಯುವುದಕ್ಕೆ ತೊಡಗಿದುದು ಕೆಲವರಿಗೆ ವಿಚಿತ್ರವಾಗಿ ಕಂಡಿರಬಹುದು. ಅವರು ಈ ಆಕೃತಿಗಳನ್ನು 'ಕುಟುಮ್-ಕಾಟಾಮ್' ಎಂದು ಕರೆದರು. ಬಂಗಾಳಿಯಲ್ಲಿ 'ಕುಟುಮ್' ಎಂದರೆ ನೆಂಟ. ಕನ್ನಡದ 'ಕುಟುಂಬ'ಕ್ಕೆ ಮೂಲವಾದ ಸಂಸ್ಕೃತ ಶಬ್ದವೇ ಅದಕ್ಕೂ ಮೂಲ. ದಾರಿಯಲ್ಲಿ ಬಿದ್ದಿದ್ದ ಕಡ್ಡಿಯನ್ನು ನೆಂಟನೆಂದು ಬರಮಾಡಿಕೊಳ್ಳುವ ಮನೋಭಾವ ಆ ಹೆಸರಿನಲ್ಲಿಯೇ ಇದೆ. ಅಲ್ಲಿ ಕೆತ್ತನೆ ಅತಿ ಕಡಮೆ, ಕಂಡುಹಿಡಿಯುವಿಕೆಯೇ ಮುಖ್ಯ. ಮೈಸೂರಿನ ಹೆಸರಾಂತ ಚಿತ್ರಕಾರರಾದ ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಶಿಷ್ಯವೃತ್ತಿ ಮಾಡಿದ್ದು ಇದೇ ಅವನೀಂದ್ರನಾಥರಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು.

ಆಯ್ಕೆಯ ವಿವೇಕ

ಯಾವ ಕೊಂಬೆಯನ್ನು ಆರಿಸಬೇಕೆಂಬುದು ಮೊದಲ ಪ್ರಶ್ನೆ. ಮರದ ನಡುವಿನ ಗಟ್ಟಿಯಾದ ಬಣ್ಣದ ಭಾಗಕ್ಕೆ ಚೇಗು ಎಂದು ಹೆಸರು. ಅದರ ಹೊರಗಿನ ಬಿಳಿಯ ಭಾಗ ಮೆದು. ಚೇಗಿನಲ್ಲಿ ಕೀಟ ಮತ್ತು ಶಿಲೀಂಧ್ರಗಳಿಗೆ ಒಗ್ಗದ ಸತ್ವಗಳು ಸಂಗ್ರಹವಾಗಿರುವುದರಿಂದ ಅದು ಬಾಳಿಕೆ ಬರುತ್ತದೆ. ಬಿಳಿಯ ಭಾಗವು ಬೇಗ ಕುಟ್ಟೆ ಹಿಡಿದು ಹಿಟ್ಟಾಗುತ್ತದೆ. ಆದಕಾರಣ ಚೇಗು ಕೂಡಿದ ತೇಗ, ಹುಣಸೆ, ಜಾಲಿ, ಹೊನ್ನೆ ಮರಗಳ ಹಳೆಯ ಕೊಂಬೆಗಳು ಹಲವು ವರ್ಷ ನಿಲ್ಲಬಲ್ಲವು. ಗುಲ್‌ಮೊಹರ್, ನುಗ್ಗೆ, ಬೂರುಗದ ಕೊಂಬೆಗಳು ನೋಡಲು ಎಷ್ಟೇ ಸೊಗಸಾಗಿದ್ದರೂ ಬೇಗ ಶಿಥಿಲವಾಗುತ್ತವೆ. ಕಣಗಿಲೆ, ಕಳ್ಳಿ, ಗೇರುಗಳನ್ನು ಶಾಲೆಯಲ್ಲಿ ಮುಟ್ಟದಿರುವುದೇ ಲೇಸು. ಕಣಗಿಲೆಯ ಎಲ್ಲ ಭಾಗಗಳೂ ವಿಷ. ಕಳ್ಳಿಯ ಹಾಲು ಕಣ್ಣಿಗೆ ಅಪಾಯಕರ. ಗೇರಿನ ಸೊನೆ ಚರ್ಮವನ್ನು ಸುಡುತ್ತದೆ.

ಎರಡನೆಯ ಪ್ರಶ್ನೆ ನೀತಿಯದು. ಚೆಲುವಾದ ಕೊಂಬೆ ಬೇಕೆಂಬ ಆಸೆಯಿಂದ ಹಸಿರು ಕೊಂಬೆಯನ್ನು ಮುರಿಯುವುದು ಈ ಕಲೆಯ ಮೂಲಕ್ಕೇ ಕೊಡಲಿಯಿಟ್ಟಂತೆ. ಬಿದ್ದುದನ್ನು ಮಾತ್ರ ತೆಗೆದುಕೊಳ್ಳುವುದೆಂಬ ನಿಯಮಕ್ಕೆ ವಿನಾಯಿತಿ ಸಲ್ಲದು. ಕಾನೂನೂ ಇದಕ್ಕೆ ಒತ್ತಾಸೆಯಾಗಿದೆ. ಮರಗಳನ್ನು ಕಡಿಯುವುದನ್ನು ೧೯೭೬ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮವು ನಿಯಂತ್ರಿಸುತ್ತದೆ; ಅರಣ್ಯದಿಂದ ಉತ್ಪನ್ನಗಳನ್ನು ತರುವುದು ೧೯೬೩ರ ಕರ್ನಾಟಕ ಅರಣ್ಯ ಅಧಿನಿಯಮಕ್ಕೆ ಒಳಪಟ್ಟಿದೆ. ಪ್ರವಾಸಕ್ಕೆ ಹೋದ ವಿದ್ಯಾರ್ಥಿಗಳು ಕಾಡಿನ ಕೊಂಬೆಯನ್ನು ಹೊತ್ತು ತರಬಾರದು. ಶಾಲೆಯ ಆವರಣ, ಸ್ವಂತ ಹೊಲ, ಮನೆಯ ಹಿತ್ತಿಲು, ಇಷ್ಟೇ ಅವರ ಗಣಿ.

ಮೂರನೆಯದು ಇನ್ನೂ ಸೂಕ್ಷ್ಮವಾದ ವಿಚಾರ. ಪಟ್ಟಣದ ಉದ್ಯಾನದಲ್ಲಿ ಕಸವಾದ ಕೊಂಬೆ ಹಳ್ಳಿಯಲ್ಲಿ ಒಂದು ಮನೆಯ ಹೊತ್ತಿನ ಸೌದೆ. ಗಾಳಿ ಬೀಸಿದ ಮರುದಿನ ಬೆಳಗ್ಗೆಯೇ ಪುಳ್ಳೆ ಆಯಲು ಬರುವ ತಾಯಂದಿರನ್ನು ಗೇಟಿನಲ್ಲಿ ತಡೆದು, ಆ ಪುಳ್ಳೆಗಳನ್ನು ಶಿಲ್ಪವೆಂದು ಹೆಸರಿಟ್ಟು ನಿಲ್ಲಿಸಿದರೆ ಅದು ಸೌಂದರ್ಯವಲ್ಲ, ನಿರ್ದಯೆ. ಪರಿಹಾರ ಕಷ್ಟವಲ್ಲ. ಒಂದು ಗಾಳಿಗೆ ನೂರು ಕೊಂಬೆ ಬಿದ್ದರೆ ಶಿಲ್ಪಕ್ಕೆ ಯೋಗ್ಯವಾದವು ಎರಡೋ ಮೂರೋ. ಅವು ಸಾಮಾನ್ಯವಾಗಿ ಗಂಟು ತುಂಬಿ, ಸೀಳಲು ಬಾರದ, ಸೌದೆಯವರೇ ಬದಿಗೊತ್ತುವ ತುಂಡುಗಳು. ಉಳಿದುದೆಲ್ಲ ಒಲೆಗೆ ಸಲ್ಲಬೇಕು. ಯಾವುದು ಒಲೆಗೆ, ಯಾವುದು ಉದ್ಯಾನಕ್ಕೆ ಎಂದು ವಿಂಗಡಿಸುವ ಕೆಲಸದಲ್ಲಿ ವಿದ್ಯಾರ್ಥಿಯು ಸೌಂದರ್ಯವನ್ನೂ ಅಗತ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದನ್ನು ಕಲಿಯುತ್ತಾನೆ.

ಹದಗೊಳಿಸುವ ಕ್ರಮ

ಹಸಿಕೊಂಬೆಯ ತೂಕದಲ್ಲಿ ನೀರಿನ ಪಾಲು ದೊಡ್ಡದು. ಮರದಲ್ಲಿ ನೀರಿನ ಅಂಶವು ಒಣತೂಕದ ಶೇಕಡಾ ೨೦ಕ್ಕಿಂತ ಕೆಳಗಿಳಿದರೆ ಕೊಳೆಸುವ ಶಿಲೀಂಧ್ರಗಳು ಬೆಳೆಯಲಾರವು. ಆದಕಾರಣ ಒಣಗಿಸುವುದೇ ಮೊದಲ ಸಂಸ್ಕಾರ. ನೇರವಾದ ಬಿಸಿಲಿನಲ್ಲಿ ಒಣಗಿಸಿದರೆ ಮರ ಸೀಳುತ್ತದೆ. ನೆರಳಿನಲ್ಲಿ, ಗಾಳಿಯಾಡುವ ಜಗಲಿಯ ಮೇಲೆ, ಕಲ್ಲು ಅಥವಾ ಇಟ್ಟಿಗೆಗಳ ಮೇಲೇರಿಸಿ ಇಡತಕ್ಕದ್ದು. ಮರದ ಎಳೆಯ ಉದ್ದಕ್ಕೆ ನೀರು ಅಡ್ಡಕ್ಕಿಂತ ಅನೇಕ ಪಟ್ಟು ವೇಗವಾಗಿ ಹೊರಬೀಳುವುದರಿಂದ ಮುರಿದ ತುದಿಗಳು ಮೊದಲು ಒಣಗಿ ಬಿರಿಯುತ್ತವೆ. ತುದಿಗಳಿಗೆ ಸೆಗಣಿ ಅಥವಾ ಮೇಣವನ್ನು ಮೆತ್ತುವ ಹಳೆಯ ಪದ್ಧತಿ ಇದಕ್ಕಾಗಿಯೇ ಬಂದುದು. ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷವೆಂಬುದು ಮರಗೆಲಸದಲ್ಲಿ ಒಣಗಿಸುವಿಕೆಯ ಸ್ಥೂಲ ಲೆಕ್ಕ. ಶಾಲೆಯಲ್ಲಿ ಇದಕ್ಕಿಂತ ನಂಬಲರ್ಹವಾದ ಉಪಾಯವೊಂದಿದೆ. ತಿಂಗಳಿಗೊಮ್ಮೆ ಕೊಂಬೆಯನ್ನು ತೂಗಿ ಬರೆದಿಡಬೇಕು. ತೂಕ ಇಳಿಯುವುದು ನಿಂತಾಗ ಕೊಂಬೆ ಸುತ್ತಲಿನ ಗಾಳಿಯೊಡನೆ ಸಮಸ್ಥಿತಿಗೆ ಬಂದಿದೆಯೆಂದು ತಿಳಿಯಬೇಕು.

ತೊಗಟೆಯನ್ನು ಉಳಿಸಬೇಕೆ, ತೆಗೆಯಬೇಕೆ? ತೊಗಟೆಯ ಅಡಿಯಲ್ಲಿ ತೇವವೂ ಹುಳುಗಳೂ ಅಡಗುವುದರಿಂದ ಬಹುಕಾಲ ಉಳಿಯಬೇಕಾದ ತುಂಡಿನಿಂದ ಸಡಿಲಾದ ತೊಗಟೆಯನ್ನು ತೆಗೆಯುವುದು ಉತ್ತಮ. ಕಬ್ಬಿಣದ ಉಪಕರಣಕ್ಕಿಂತ ಬಿದಿರಿನ ಸೀಳು ಮತ್ತು ತೆಂಗಿನ ನಾರು ಲೇಸು. ಹುಳುಗಳು ಬರೆದ ಚಿತ್ತಾರ ಅವುಗಳಿಂದ ಅಳಿಯುವುದಿಲ್ಲ. ಬಳಿಕ ಬೇವಿನ ಎಣ್ಣೆ ಅಥವಾ ಅಗಸೆ ಎಣ್ಣೆಯನ್ನು ತೆಳುವಾಗಿ ಸವರಬಹುದು. ಬಿಳಿಗಾರದ ದ್ರಾವಣವು ಕುಟ್ಟೆಹುಳಕ್ಕೂ ಶಿಲೀಂಧ್ರಕ್ಕೂ ಒಳ್ಳೆಯ ತಡೆಯಾದರೂ ಮಳೆಗೆ ತೊಳೆದುಹೋಗುತ್ತದೆ. ಮಾಡಿನಡಿ ಇರಿಸುವ ತುಂಡುಗಳಿಗೆ ಮಾತ್ರ ಅದು ಯೋಗ್ಯ, ಅದನ್ನು ಹಚ್ಚುವ ಕೆಲಸವೂ ಹಿರಿಯರದೇ ಆಗಿರಬೇಕು. ಹೊಳೆಯುವ ವಾರ್ನಿಷ್ ಬಿಸಿಲಿಗೆ ಬಿರಿದು ಪದರಪದರವಾಗಿ ಏಳುತ್ತದೆ; ಬಿರುಕಿನೊಳಗೆ ಸೇರಿದ ನೀರು ಹೊರಬರಲಾಗದೆ ಮರವನ್ನು ಕೆಡಿಸುತ್ತದೆ. ಬಿಸಿಲು ಮಳೆಗಳಿಗೆ ಒಡ್ಡಿದ ಮರ ತಾನಾಗಿಯೇ ಬೂದುಬೆಳ್ಳಿಯ ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣಕ್ಕೆ ಸಮನಾದ ಲೇಪ ಅಂಗಡಿಯಲ್ಲಿ ಸಿಗದು.

ನಿಲ್ಲಿಸುವ ವಿಧಾನ

ಕೊಂಬೆಯನ್ನು ನೇರವಾಗಿ ಮಣ್ಣಿನಲ್ಲಿ ಹೂಳುವುದು ಎಲ್ಲರೂ ಮೊದಲು ಮಾಡುವ ಕೆಲಸ. ಅದೇ ಎಲ್ಲಕ್ಕಿಂತ ಕೆಟ್ಟದ್ದು. ನೆಲಮಟ್ಟದಲ್ಲಿ ತೇವ ಮತ್ತು ಗಾಳಿ ಎರಡೂ ದೊರೆಯುವುದರಿಂದ ಕೊಳೆತ ಅಲ್ಲಿಯೇ ಆರಂಭವಾಗುತ್ತದೆ. ಗೆದ್ದಲಿಗೂ ಅದು ರಾಜಮಾರ್ಗ. ಶಹಾಬಾದ್ ಕಲ್ಲಿನ ದಪ್ಪ ಹಾಸಿಗೋ ಕಣಶಿಲೆಯ ಗುಂಡಿಗೋ ರಂಧ್ರ ಕೊರೆದು, ಕಬ್ಬಿಣದ ಸರಳೊಂದನ್ನು ನೆಟ್ಟು, ಅದಕ್ಕೆ ಕೊಂಬೆಯ ಬುಡವನ್ನು ಸಿಕ್ಕಿಸಿ ನೆಲದಿಂದ ಒಂದು ಗೇಣು ಮೇಲೆ ನಿಲ್ಲಿಸಬೇಕು. ಗೆದ್ದಲು ಕಲ್ಲಿನ ಮೇಲೂ ಮಣ್ಣಿನ ಸುರಂಗ ಕಟ್ಟಿ ಏರಬಲ್ಲದು. ಆದರೆ ಆ ಸುರಂಗ ಕಣ್ಣಿಗೆ ಬೀಳುತ್ತದೆ. ಹದಿನೈದು ದಿನಕ್ಕೊಮ್ಮೆ ಪರೀಕ್ಷಿಸಿ ಅದನ್ನು ಒರೆಸಿಹಾಕಿದರೆ ಸಾಕು.

ತೂಕದ ಸಮತೋಲವನ್ನು ಅಂದಾಜಿಗೆ ಬಿಡಬಾರದು. ಕೊಂಬೆಯನ್ನು ಹಗ್ಗದಿಂದ ಎರಡು ಬೇರೆ ಬೇರೆ ಬಿಂದುಗಳಲ್ಲಿ ತೂಗುಹಾಕಿ, ಪ್ರತಿ ಸಲವೂ ತೂಗುಗುಂಡಿನ ನೇರಕ್ಕೆ ಗೆರೆ ಹಿಡಿದರೆ, ಆ ಗೆರೆಗಳು ಕೂಡುವ ಎಡೆಯೇ ಗುರುತ್ವಕೇಂದ್ರ. ಅಲ್ಲಿಂದ ಇಳಿದ ಲಂಬವು ಪೀಠದ ಒಳಗೆ ಬೀಳಬೇಕು. ಗಾಳಿಗೆ ಬಿದ್ದ ಕೊಂಬೆ ಮತ್ತೊಮ್ಮೆ ಗಾಳಿಗೆ ಮಕ್ಕಳ ಮೇಲೆ ಬೀಳದಂತೆ ನೋಡಿಕೊಳ್ಳುವುದು ಶಿಲ್ಪದ ಚೆಲುವಿಗಿಂತ ಮುಖ್ಯ. ಮಕ್ಕಳ ಕಣ್ಣಿನ ಮಟ್ಟದಲ್ಲಿ ಚೂಪಾದ ತುದಿಗಳಿರಬಾರದು. ಅಷ್ಟರ ಮಟ್ಟಿಗೆ ಗರಗಸ ಬಳಸಲು ಅಡ್ಡಿಯಿಲ್ಲ.

ಸ್ಥಳದ ಆಯ್ಕೆಯಲ್ಲಿ ಮಿತವೇ ಸೂತ್ರ. ಒಂದು ನೋಟಕ್ಕೆ ಒಂದೇ ಶಿಲ್ಪ. ಹತ್ತು ಕೊಂಬೆಗಳನ್ನು ಒಂದೆಡೆ ನಿಲ್ಲಿಸಿದರೆ ಅದು ಸೌದೆಯ ಅಟ್ಟಿಯಾಗುತ್ತದೆ. ಡೊಂಕು ಹೆಚ್ಚಿರುವ ಕೊಂಬೆಗೆ ಸುಣ್ಣ ಬಳಿದ ಗೋಡೆಯೋ ಕತ್ತರಿಸಿದ ಹಸಿರು ಬೇಲಿಯೋ ಹಿನ್ನೆಲೆಯಾಗಿದ್ದರೆ ರೇಖೆ ಸ್ಪಷ್ಟವಾಗಿ ಕಾಣುತ್ತದೆ. ಮೂಡಣ ಪಡುವಣ ಬೆಳಕು ಅಡ್ಡಲಾಗಿ ಬೀಳುವ ಸ್ಥಳದಲ್ಲಿ ನೆರಳೂ ಶಿಲ್ಪದ ಒಂದು ಅಂಗವಾಗುತ್ತದೆ. ಮಲೆನಾಡಿನಲ್ಲಾದರೆ, ಬಿದ್ದ ಕೊಂಬೆಯೊಡನೆ ನೆಲಕ್ಕೆ ಬಂದ ಸೀತಾಳೆ ಗಿಡಗಳನ್ನು ಅದೇ ಕೊಂಬೆಯ ಮೇಲೆ ನಾರಿನಿಂದ ಕಟ್ಟಿ ಉಳಿಸಿಕೊಳ್ಳಬಹುದು. ಈ ಸಸ್ಯಗಳು ಬಂದಳಿಕೆಯಂತೆ ಮರದ ರಸವನ್ನು ಹೀರುವುದಿಲ್ಲ. ನಿಲ್ಲಲು ನೆಲೆಯನ್ನು ಮಾತ್ರ ಬೇಡುತ್ತವೆ.

ಒಣಮರದ ಜೀವಲೋಕ

ಒಣಕೊಂಬೆಯನ್ನು ಸತ್ತುದೆಂದು ಕರೆಯುವುದು ವಾಡಿಕೆ. ಆದರೆ ಅದರಲ್ಲಿ ನೆಲೆಸುವ ಜೀವಿಗಳ ಸಂಖ್ಯೆ ಬೆರಗುಗೊಳಿಸುವಂಥದು. ಕಂಚುಕುಟಿಗ ಹಕ್ಕಿಯು ಗೂಡು ಕೊರೆಯುವುದು ಹೆಚ್ಚಾಗಿ ಒಣಗಿದ ಮೆದುಕೊಂಬೆಯಲ್ಲಿ. ಕಪ್ಪನೆಯ ದೊಡ್ಡ ಮರದುಂಬಿ ಒಣಮರದಲ್ಲಿ ದುಂಡನೆಯ ರಂಧ್ರ ಕೊರೆದು ಮರಿಮಾಡುತ್ತದೆ. ಹಲವು ಹೂಗಳ ಪರಾಗಸ್ಪರ್ಶಕ್ಕೆ ಅದರ ನೆರವು ಬೇಕು. ಎಲೆಯಿಲ್ಲದ ಕೊಂಬೆಯ ತುದಿಯು ಕಾಜಾಣಕ್ಕೂ ಜೇನುಹಿಡುಕಕ್ಕೂ ಕುಳಿತು ಹೊಂಚುವ ಪೀಠ. ನೆಲಕ್ಕೆ ಒರಗಿದ ತುಂಡಿನಡಿ ಹಾವುರಾಣಿ, ಸಹಸ್ರಪದಿ, ಜೀರುಂಡೆಯ ಮರಿಗಳು ಬಾಳುತ್ತವೆ. ಅಣಬೆಯ ಜಾತಿಯ ಶಿಲೀಂಧ್ರಗಳು ಮರದ ಗಟ್ಟಿ ಅಂಶವನ್ನು ಬಿಡಿಸಿ ಮಣ್ಣಿಗೆ ಮರಳಿಸುತ್ತವೆ. ಗೆದ್ದಲೂ ಅದೇ ಕೆಲಸದ ಕೂಲಿಕಾರ.

೧೯೮೭ರ ಅಕ್ಟೋಬರ್ ೧೫-೧೬ರ ರಾತ್ರಿ ದಕ್ಷಿಣ ಇಂಗ್ಲೆಂಡಿಗೆ ಬಡಿದ ಮಹಾಬಿರುಗಾಳಿಗೆ ಸುಮಾರು ಒಂದೂವರೆ ಕೋಟಿ ಮರಗಳು ಉರುಳಿದವು. ಆ ಬಳಿಕ ಕೆಲವು ವನಗಳನ್ನು ಅವಸರದಿಂದ ಗುಡಿಸಿ ತೆರವು ಮಾಡಿದರು. ಕೆಲವನ್ನು ಇದ್ದಂತೆ ಬಿಟ್ಟರು. ಬಿದ್ದ ಮರಗಳನ್ನು ಬಿಟ್ಟ ಕಡೆಗಳಲ್ಲಿ ಹೊಸ ಸಸಿಗಳೂ ಜೀವಿಗಳೂ ಚೆನ್ನಾಗಿ ಚಿಗುರಿದುದನ್ನು ಕಂಡು, ಬಿದ್ದ ಮರವೂ ವನದ ಆಸ್ತಿಯೇ ಎಂಬ ಅಭಿಪ್ರಾಯ ಅಲ್ಲಿಯ ವನಪಾಲಕರಲ್ಲಿ ಬಲವಾಯಿತು.

ಇಲ್ಲೊಂದು ವಿರೋಧಾಭಾಸ ತೋರಬಹುದು. ಒಂದೆಡೆ ಶಿಲ್ಪವನ್ನು ಕೀಟಗಳಿಂದ ಕಾಪಾಡಬೇಕು. ಇನ್ನೊಂದೆಡೆ ಕೀಟಗಳಿಗೆ ಮರವನ್ನು ಬಿಡಬೇಕು. ಉದ್ಯಾನದಲ್ಲಿ ಎರಡಕ್ಕೂ ಎಡೆಯುಂಟು. ದಾರಿಯ ಬದಿಯಲ್ಲಿ ಪೀಠದ ಮೇಲೆ ನಿಂತದ್ದು ಹದಗೊಳಿಸಿ ಕಾಪಾಡಿದ ಶಿಲ್ಪವಾಗಿರಲಿ. ದೂರದ ಮೂಲೆಯಲ್ಲಿ, ಮಕ್ಕಳು ಆಡುವ ಸ್ಥಳದಿಂದ ಆಚೆ, ಎಣ್ಣೆ ಸವರದ ಕೆಲವು ತುಂಡುಗಳು ತಮ್ಮಷ್ಟಕ್ಕೆ ಕರಗಲಿ. ಅಂತಹ ರಾಶಿಯಲ್ಲಿ ಚೇಳು, ಹಾವುಗಳೂ ಆಶ್ರಯ ಪಡೆಯಬಹುದಾದ್ದರಿಂದ ಬರಿಗೈ ಹಾಕಬಾರದೆಂಬ ಎಚ್ಚರವನ್ನು ಮಕ್ಕಳಿಗೆ ಮೊದಲೇ ಕೊಟ್ಟಿರಬೇಕು.

ತರಗತಿಯಲ್ಲಿ

ಅಧ್ಯಾಪಕರು ಈ ಪಾಠವನ್ನು ಹೀಗೆ ನಡೆಸಬಹುದು. ಮೊದಲ ದಿನ ಕೊಂಬೆಯನ್ನು ನಡುವೆ ಇರಿಸಿ, ವಿದ್ಯಾರ್ಥಿಗಳು ಅದರ ಸುತ್ತ ಕುಳಿತು ತಾವು ಕಂಡ ಪಾರ್ಶ್ವವನ್ನು ಮಾತ್ರ ಬರೆಯಲಿ. ಎದುರುಬದುರು ಕುಳಿತವರ ಚಿತ್ರಗಳನ್ನು ಹೋಲಿಸಿದಾಗ ಒಂದೇ ವಸ್ತುವಿಗೆ ಎಷ್ಟು ಮುಖಗಳಿವೆಯೆಂಬುದು ಮಾತಿಲ್ಲದೆ ಮನದಟ್ಟಾಗುತ್ತದೆ. ಎರಡನೆಯ ದಿನ ಕೊಂಬೆಯನ್ನು ತಲೆಕೆಳಗು ಮಾಡಿ ಮತ್ತೆ ಬರೆಯಲಿ. ಮೂರನೆಯ ದಿನ ಯಾವ ನಿಲುವು ಸರಿಯೆಂದು ಚರ್ಚಿಸಿ ನಿರ್ಧರಿಸಲಿ. ಹೆಸರಿಡುವುದು ಕೊನೆಯ ಕೆಲಸ. 'ಇದು ಜಿಂಕೆ' ಎಂದು ಒಬ್ಬನು ಮೊದಲೇ ಕೂಗಿದರೆ ಉಳಿದವರ ಕಣ್ಣುಗಳು ಜಿಂಕೆಯನ್ನು ಬಿಟ್ಟು ಬೇರೆ ಏನನ್ನೂ ಕಾಣಲಾರವು. ಹೆಸರೇ ಇಲ್ಲದೆ ಕೇವಲ ರೇಖೆಯಾಗಿ ನಿಲ್ಲುವ ಕೊಂಬೆಯೂ ಶಿಲ್ಪವೇ ಎಂಬುದನ್ನು ಅವರು ಅರಿಯಬೇಕು.

ಪ್ರತಿಯೊಂದು ತುಂಡಿಗೂ ಒಂದು ಪುಟದ ದಾಖಲೆಯಿರಲಿ: ಮರದ ಹೆಸರು, ಬಿದ್ದ ದಿನ, ಮೊದಲ ತೂಕ, ಒಣಗಿದ ತೂಕ, ನಿಲ್ಲಿಸಿದ ದಿನ, ಪ್ರತಿ ವರ್ಷದ ಸ್ಥಿತಿ, ಅದರ ಮೇಲೆ ಕಂಡ ಜೀವಿಗಳು. ಹತ್ತು ವರ್ಷ ನಡೆದರೆ ಆ ಪುಸ್ತಕವು ಯಾವ ಮರ ಆ ಊರಿನ ಹವೆಗೆ ಎಷ್ಟು ಕಾಲ ಬಾಳುತ್ತದೆಂಬುದಕ್ಕೆ ಪ್ರಮಾಣವಾಗುತ್ತದೆ. ಶಾಲೆಯನ್ನು ಬಿಟ್ಟುಹೋದ ಹಳೆಯ ವಿದ್ಯಾರ್ಥಿಗಳು ಮರಳಿ ಬಂದಾಗ, ತಾವು ನಿಲ್ಲಿಸಿದ ಕೊಂಬೆ ಇನ್ನೂ ನಿಂತಿದೆಯೋ, ಅಣಬೆಗಳಿಗೆ ಆಹಾರವಾಗಿ ಮಣ್ಣಾಗಿದೆಯೋ ಎಂದು ಅದೇ ಪುಸ್ತಕದಲ್ಲಿ ನೋಡಬಹುದು.

ಕಲ್ಲಿನ ಶಿಲ್ಪ ಶತಮಾನಗಳನ್ನು ಎದುರಿಸಿ ನಿಲ್ಲುತ್ತದೆ; ಕೊಂಬೆಯ ಶಿಲ್ಪಕ್ಕೆ ಆ ಹಂಬಲವಿಲ್ಲ. ಕೆಲವು ಮಳೆಗಾಲಗಳನ್ನು ಕಂಡು, ಕೆಲವು ಹಕ್ಕಿಗಳಿಗೆ ನೆಲೆ ಕೊಟ್ಟು, ಒಂದು ದಿನ ತಾನು ಹುಟ್ಟಿದ ಮಣ್ಣಿಗೇ ಅದು ಸೇರುತ್ತದೆ. ಅಷ್ಟರೊಳಗೆ ಮತ್ತೊಂದು ಗಾಳಿ ಬೀಸಿರುತ್ತದೆ. ಮತ್ತೊಂದು ಕೊಂಬೆ ಬಿದ್ದಿರುತ್ತದೆ. ಅದನ್ನು ಗುಡಿಸಿ ಬಿಸುಡುವ ಮುನ್ನ ಕ್ಷಣಕಾಲ ನಿಂತು ತಿರುಗಿಸಿ ನೋಡುವ ಅಭ್ಯಾಸ ಮಕ್ಕಳಲ್ಲಿ ಬೇರೂರಿದರೆ, ಉದ್ಯಾನಕ್ಕಾಗಿ ಮಾಡಿದ ಶ್ರಮವು ವ್ಯರ್ಥವಾಗಲಿಲ್ಲವೆಂದೇ ತಿಳಿಯಬೇಕು.